ಬಣ್ಣ ಹಿಡಿಸದ ಕಾರು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ

ನನ್ನ ಮುದ್ದು ಮಗನೇ,

ಹೇಗಿದ್ದೀಯಪ್ಪಾ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ನೀರು ಚೆನ್ನಾಗಿ ಕುಡಿ. ನನ್ನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದೆ, ನಗುವಾಗೆಲ್ಲ ಕೈ ಅಡ್ಡ ಹಿಡಿಯುತ್ತಾಳೆ.

ಈಗ ಕಾರಿನ ವಿಷಯ. ನಿನ್ನ ಗೆಳೆಯ ಗುಂಡನ ಹಳೇ ಕಾರನ್ನೇ ಕೊಳ್ಳುವುದೆಂದು ಅವನಿಗೆ ಮಾತು ಕೊಟ್ಟು ನೀನು ಹಡಗು ಹತ್ತಿದೆ. ಚಿಕ್ಕಂದಿನ ಗೆಳೆಯ, ನೋಡುವುದೇನಿದೆ ಎಂದೆ ನೀನು. ನಿನ್ನ ಹೆಂಡತಿ ಎದುರಾಡಲಿಲ್ಲ. ಆದರೆ ನಾವಿಬ್ಬರೂ ಕಾರು ನೋಡಲು ಹೋಗುವ ಹಿಂದಿನ ದಿನ ಗುಂಡನಿಗೆ ಫೋನು ಮಾಡಿ, "ಅಣ್ಣಾ, ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ" ಎಂದಳು. ತಣ್ಣಗಿರುವ ಎಂಜಿನ್ನು ಶುರುವಾಗುವಾಗಲೇ ಅದರ ಕೆಮ್ಮು ದಮ್ಮು ತಿಳಿಯುವುದಂತೆ. ಇದನ್ನು ನೀನೇ ಒಮ್ಮೆ ಹೇಳಿಕೊಟ್ಟಿದ್ದೆಯಂತೆ. ಊರಿಗೆಲ್ಲ ಹೇಳುವ ಜಾಣ, ನೀನು ಮಾತ್ರ ಫೋಟೋ ನೋಡಿ ಕಾರು ಒಪ್ಪಿದೆ!

ಅವಳು ನೋಡಿದ ಚೆಂದವನ್ನು ನೀನು ನೋಡಬೇಕಿತ್ತು. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಮಗುವಿಗೆ ಜ್ವರ ನೋಡಿದ ಹಾಗೆ. ತಣ್ಣಗಿತ್ತು. ಕಾರಿನ ಕಾಗದಪತ್ರದಲ್ಲಿದ್ದ ನಂಬರನ್ನು ಎಂಜಿನ್ನಿನ ಮೇಲಿದ್ದುದಕ್ಕೆ ಹೋಲಿಸಿದಳು. ಟೈರು ಒಂದೇ ಕಡೆ ಸವೆದಿದೆಯೇ, ಬಾಗಿಲುಗಳ ಸಂದು ಎಲ್ಲ ಕಡೆ ಒಂದೇ ಸಮ ಇದೆಯೇ ಎಂದು ಬಗ್ಗಿ ನೋಡಿದಳು. ಓಡಿಸಿ, ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿ ಪಕ್ಕಕ್ಕೆ ಎಳೆಯುತ್ತದೆಯೇ ಎಂದೂ ನೋಡಿಬಂದಳು. ಎಲ್ಲವೂ ಪಾಸು. ನಾನು ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕಾಲು ಚಾಚಿ ಕೂತಿದ್ದೆ. "ಅತ್ತೆ, ಸ್ವಲ್ಪ ಸರ್ಕೊಳ್ಳಿ" ಎಂದವಳೇ ಪಕ್ಕದ ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದಳು. ನಾವೆಲ್ಲ ಹೊಟ್ಟೆಗೆ ಬೇಕಾದಷ್ಟೇ ಎಳೆಯುತ್ತೇವೆ, ಉಳಿದದ್ದು ಒಳಗೇ ಸುತ್ತಿಕೊಂಡಿರುತ್ತದೆ. ಆ ಉಳಿದ ಪಟ್ಟಿಯಲ್ಲಿತ್ತು ನೋಡು, ಕೆಸರುಬಣ್ಣದ ಗೆರೆ! ದಿನವಿಡೀ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಕೈ ಅವಳದು, ರಾಡಿನೀರಿನಲ್ಲಿ ನೆಂದು ಒಣಗಿದ್ದು ಮುಟ್ಟಿದೊಡನೆ ತಿಳಿಯಿತು. ಕಾಲಡಿಯ ಹಾಸು ಎತ್ತಿದರೆ ಸೀಟಿನ ಬೋಲ್ಟುಗಳಿಗೆಲ್ಲ ತುಕ್ಕು. ಆ ಕಾರು ಎಂದೋ ನೆರೆನೀರಿನಲ್ಲಿ ಮುಳುಗಿ ಎದ್ದದ್ದು. ಅಂಥದರ ವೈರು, ಬ್ರೇಕು ಯಾವಾಗ ಕೈಕೊಡುತ್ತವೋ ಹೇಳಲಾಗದಂತೆ; ನಿನ್ನ ಮಗಳನ್ನು ಇದರಲ್ಲೇ ಕೂರಿಸಲಿದ್ದೆವಲ್ಲ ಎಂದು ನಾನು ಮಂಡಿನೋವನ್ನೂ ಮರೆತು ಕೆಳಗಿಳಿದೆ.

ಗುಂಡನನ್ನು ಹತ್ತಿರ ಕರೆದು ಪಟ್ಟಿ ತೋರಿಸಿದಳು. ಪಾಪ, ಅವನ ಮುಖ ಕಪ್ಪಿಟ್ಟಿತು. ಅವನೂ ಅದನ್ನು ಇನ್ನೊಬ್ಬರಿಂದ ಕೊಂಡು ಮೋಸಹೋದವನೇ. "ಮೆಕ್ಯಾನಿಕ್ ನೋಡೋವರೆಗೂ ಮಕ್ಕಳನ್ನ ಕೂರಿಸ್ಬೇಡಿ. ಮಾರಿದ್ರೆ ಹೇಳಿ ಮಾರಿ" ಎಂದು ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ ಅವನ ಹೆಂಡತಿ, ಅಪ್ಪ ಇಬ್ಬರೂ ಹೊರಗೆ ಬಂದರು. ಗಂಡ ಆರಿಸಿದ ಕಾರೆಂದು ಆ ಹುಡುಗಿಗೆ ಎಲ್ಲಿಲ್ಲದ ಹೆಮ್ಮೆ. ಹೇಗಿದೆ ಎಂದು ಕೇಳಿದಳು. ಗುಂಡ ನೆಲ ನೋಡುತ್ತ ನಿಂತ. ನಮ್ಮವಳು ಕಣ್ಣು ಮಿಟುಕಿಸದೆ, "ನಮ್ಮತ್ತೆಗೆ ಬಣ್ಣ ಹಿಡಿಸ್ಲಿಲ್ಲ" ಎಂದುಬಿಟ್ಟಳು! ಎಲ್ಲರೂ ನನ್ನತ್ತ ತಿರುಗಿದರು. ನಾನೇನು ಕಡಿಮೆಯೇ? "ಥೂ, ಎಂಥಾ ನೀಲಿಯಪ್ಪಾ, ಕಣ್ಣಿಗೆ ಹೊಡೆಯುತ್ತೆ" ಎಂದು ಮೂತಿ ತಿರುವಿದೆ. ಗುಂಡ ತಲೆ ಎತ್ತಿ ಅವಳನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ.

ಇಂಥವಳು ನನ್ನ ಸೊಸೆ ಎಂದು ನನಗೆ ಹೆಮ್ಮೆ. ಸುಖವಾಗಿರು ಕಂದಾ, ಸಮುದ್ರ ನಿನ್ನನ್ನು ಜೋಪಾನವಾಗಿ ನಮ್ಮ ಬಾಗಿಲಿಗೆ ತಲುಪಿಸಲಿ.

ನಿನ್ನ ಅಮ್ಮ

ತಾ.ಕ.: ನಿನ್ನ ಮಾತು ಮುರಿದೆನೆಂದು ಅವಳಿಗೆ ಒಳಗೊಳಗೇ ದಿಗಿಲು. ಈ ಕಾಗದ ಬರೆದದ್ದೇ ಅದಕ್ಕೆ. ಮೊದಲು ಅವಳಿಗೆ ಫೋನು ಮಾಡಿ ಶಹಬ್ಬಾಸ್ ಅನ್ನು. ಗುಂಡ ಸಿಕ್ಕರೆ ನಿನಗೇನೂ ಗೊತ್ತಿಲ್ಲ, ತಿಳಿಯಿತೇ? ನಮ್ಮಮ್ಮ ಹಾಗೇ ಕಣೋ, ಬಣ್ಣ ಒಪ್ಪದಿದ್ದರೆ ಮುಗಿಯಿತು ಎಂದು ನನ್ನನ್ನೇ ಬೈದುಬಿಡು. ನಿನಗೊಬ್ಬನಿಗೇ ಹೇಳುತ್ತೇನೆ, ಆ ನೀಲಿ ನನಗೆ ಬಹಳ ಹಿಡಿಸಿತ್ತು.