ಬಿಳಿ ಕರಡಿಯ ಕಾವಲು

ಪಂಚನಹಳ್ಳಿ, ೧೯೮೮

ಅಪ್ಪಾ,

ಇವತ್ತು ನನ್ನ ತರಗತಿಗೆ ಇನ್ಸ್‌ಪೆಕ್ಟರ್ ಬಂದಿದ್ದರು. ಧ್ರುವದ ಮಂಜು ಕರಗಿದರೆ ಕಡಲು ಏರುತ್ತದೆ, ಬಿಳಿ ಕರಡಿಗೆ ನೆಲೆ ತಪ್ಪುತ್ತದೆ ಎಂದು ನಾನು ಪಾಠ ಮಾಡಿದರೆ ಮಕ್ಕಳ ತಲೆಗೇ ಹತ್ತಲಿಲ್ಲ. ಪುಸ್ತಕ ಮುಚ್ಚಿ ನಿನ್ನ ಕಥೆ ಹೇಳಿದೆ. ಎಮ್ಮೆದೊಡ್ಡಿ ಕಾವಲಿನಲ್ಲಿ, ಆ ಮೇವಿನ ಬಯಲಿನಲ್ಲಿ, ಹುಲ್ಲು ತೀರಿದರೆ ನೀನು ಅಮೃತಮಹಲ್ ದನಗಳನ್ನು ಮುಂದಿನ ಕಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದೆಯಲ್ಲ, ಅದು. ಕರಡಿಗೆ ಮಂಜೇ ಕಾವಲು, ಅದರ ಮೇಲೆ ನಿಂತೇ ಬೇಟೆಯಾಡಬೇಕು ಎಂದೆ.

ತಿಪ್ಪಮ್ಮ ಎಂಬ ಹುಡುಗಿ ದಡಕ್ಕನೆ ಎದ್ದಳು. "ಅಂಗಾರೆ ಅದ್ಕೆ ಮುಂದಿನ ಕಾವಲೇ ಇಲ್ವಲ್ಲ, ಟೀಚರ್!"

ಇನ್ಸ್‌ಪೆಕ್ಟರ್ ಬೆರಗಾದರು. "ಹಿಂಗೆ ಪಾಠ ಮಾಡೋದು ಯಾರು ಕಲಿಸಿದ್ದಮ್ಮಾ?"

"ನಮ್ಮಪ್ಪ ಸಾರ್, ಲಕ್ಕಣ್ಣ ಅಂತ. ದನ ಕಾಯ್ತಿದ್ರು." ಪಕ್ಕದ ಕೋಣೆಗೂ ಕೇಳುವಂತೆ ಹೇಳಿದೆ.

ಕಡೂರು ಹೈಸ್ಕೂಲಿಗೆ ನೀನು ಬುತ್ತಿ ತಂದ ದಿನ, ಗೆಳತಿಯರು "ಯಾರೇ ಅದು?" ಎಂದಾಗಲೂ ನಮ್ಮಪ್ಪ ಅಂತ ಇಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು.