ಭಂಕೂರದ ಗೆಳತಿ

ರಂಜೂ,

ರೊಟ್ಟಿ ಬುಟ್ಟ್ಯಾಗ ಅವ. ಪುಂಡಿಪಲ್ಯ ಬಿಸಿ ಮಾಡಿಕೊಂಡು ತಿನ್ನು. ನಾ ಚಿಂಚೋಳಿ ಸಾಲಿಗೆ ಹೊಂಟೀನಿ, ಅಲ್ಲಿ ಹುಡುಗೇರಿಗೆ ಮೊಬೈಲಿನಾಗ ಹೆಂಗ ಹುಷಾರಿರಬೇಕು ಅಂತ ಹೇಳಲಿಕ್ಕೆ. ಮನ್ಯಾಗಿನ ಹುಡುಗಿಗೆ, ಅಂದ್ರ ನಿನಗ, ಈ ಚೀಟಿ.

ನಿನ್ನ ಫೋನ್ ನಾ ಬಿಚ್ಚಿ ನೋಡಿಲ್ಲ. ಚಾರ್ಜಿಗೆ ಹಚ್ಚಿದ್ದು ತಾನೇ ಬೆಳಗಿತು. ಯಾರೋ ಸ್ನೇಹಾ ಅಂತ. "ನಾನೂ ನಿಮ್ಮವ್ವನ ಊರು ಭಂಕೂರದಾಕಿನೇ. ಒಂದು ಫೋಟೋ ಕಳಸು, ನಿಮ್ಮವ್ವಗ ಹೇಳಬ್ಯಾಡ" ಅಂತ ಬರದಿತ್ತು.

ನನಗ ಯಾಕ ಹೇಳಬಾರದಂತ? ಯಾವ ಓಣಿ, ಯಾರ ಮಗಳು, ಕೇಳು ಆಕಿನ್ನ. ಭಂಕೂರದಾಗ ನನಗ ಗೊತ್ತಿಲ್ಲದ ಮನಿ ಇಲ್ಲ. ಆ ಹೆಸರಿನ ಹಿಂದ ಯಾವ ಮೀಸಿ ಇದ್ದಾಂವ ಕುಂತಾನೋ!

ಫೋಟೋ ಕಳಸಬ್ಯಾಡ. ಕಳಸಿದ್ರ ಮುಚ್ಚಿಡಬ್ಯಾಡ, ಬೈಯಂಗಿಲ್ಲ. ಆಕಿ ಬರದದ್ದು ಒಂದೂ ಅಳಸಬ್ಯಾಡ, ಇಬ್ಬರೂ ಕುಂತು ನೋಡೋಣ.

ಇನ್ನೊಂದು. ಹೋದ ತಿಂಗಳು ಬಸ್ಸಿನಾಗ ನಿನಗ ಭಂಕೂರದ ಮುದುಕಿ ಒಬ್ಬಾಕಿ ಸಿಕ್ಕಿದ್ದಕ್ಕ, ಮನಿಗೆ ಬಂದು ಚಪ್ಪಲಿ ಬಿಡೋಕಿಂತ ಮೊದಲ "ಅವ್ವಾ, ನಿಮ್ಮೂರಾಕಿ!" ಅಂತ ಒದರಿದ್ದಿ. ಈ ಸ್ನೇಹಾನ ಸುದ್ದಿ ಮಾತ್ರ ಬಾಯಿ ಬಿಡಲಿಲ್ಲ. ಅಂದ್ರ ನಿನಗೂ ಅನುಮಾನ ಅದ.

ಅವ್ವ