ನಿಂತು ಊದಲು ಬಾರದವನು

೧೨ ಎಪ್ರಿಲ್ ೧೯೮೧, ಬೆಳಿಗ್ಗೆ

ಸ್ಯಾಕ್ಸೋಫೋನಿನ ರೀಡು, ಬಾಯಿಗಿಡುವ ಆ ತೆಳು ಪಟ್ಟಿ, ನೀರಲ್ಲಿ ಹಾಕಿದ್ದೇನೆ. ನೆನೆಯಲಿ. ಇವತ್ತು ಮದುವೆ ಎರಡು. ಒಂದು ಇಲ್ಲೇ ಖಾಸಬಾಗದಲ್ಲಿ, ಇನ್ನೊಂದು ಪೀರನವಾಡಿ, ಅದೂ ನಡುಹಗಲಿಗೆ. ಬ್ಯಾಂಡಿನ ಮಾಲೀಕ ನಬೀಸಾಬ ಛತ್ರಿ ಹಿಡಿದು ಬರುತ್ತಾನೆ. ಬಿಸಿಲು ನಮ್ಮ ಪಾಲಿಗೆ.

ಮೂವತ್ತು ವರ್ಷ ಊದಿದೆ. ಬೆಳಗಾವಿಯಲ್ಲಿ ನಾನು ಹಾದುಹೋಗದ ಬಾಗಿಲಿಲ್ಲ. ಯಾರ ಬಾಗಿಲಲ್ಲೂ ಹಾಡು ಮುಗಿಸಿಲ್ಲ. ಜನ ಹೊರಗೆ ಬಂದು ಒಂದು ಸಾಲು ಕೇಳುವಷ್ಟರಲ್ಲಿ ನಾನು ಮುಂದಿನ ಮನೆ ಹತ್ತಿರ. ಮೊದಲಿನಿಂದ ಕೊನೆಯವರೆಗೆ ಕೇಳಿದವನೆಂದರೆ ಕುದುರೆ ಮೇಲಿನ ಮದುಮಗ. ಅವನ ಲಕ್ಷ್ಯ ಎಲ್ಲಿರುತ್ತದೆ ಅಂತ ಬೇರೆ ಹೇಳಬೇಕೆ?

ಬೀಬಿಜಾನಳದೂ ಅದೇ ಕತೆ. ಇಪ್ಪತ್ತಾರು ವರ್ಷದ ಸಂಸಾರ. ಮನೆಯಲ್ಲಿ ಊದಿದರೆ ಗೋಡೆ ಆಚೆಯವರು ಜಗಳಕ್ಕೆ ಬರುತ್ತಾರೆ. ಗಂಡ ಏನು ಊದುತ್ತಾನೆ ಅಂತ ಅವಳಿಗೆ ಒಂದು ಸಾಲಿನಾಚೆ ಗೊತ್ತಿಲ್ಲ. ಇದೊಂದು ಕೊರಗು. ಯಾರಿಗೂ ಹೇಳಿಲ್ಲ. ಇಲ್ಲಿ ಬರೆದೆ, ಮುಗಿಯಿತು.

೧೯ ಎಪ್ರಿಲ್

ಈರಣ್ಣ ಅಂತ ಒಬ್ಬ ಮನೆಗೆ ಬಂದಿದ್ದ. ಉದ್ಯಮಬಾಗದ ಫೌಂಡ್ರಿಯಲ್ಲಿ ಮೋಲ್ಡರ್, ಉಸುಕಿನ ಅಚ್ಚು ಕಟ್ಟುವವನು. ಹಣೆಗೆ ವಿಭೂತಿ, ಉಗುರಲ್ಲಿ ಕರಿ ಉಸುಕು, ಬಗಲಲ್ಲಿ ಗಿಟಾರ್. ಮೂವರು ಸೇರಿ ಬ್ಯಾಂಡ್ ಕಟ್ಟಿದ್ದಾರಂತೆ. ಹೆಸರು ‘ಎರಕ’. ಡ್ರಮ್ಮಿಗೆ ಲೇಥ್ ಮಶೀನಿನ ಸಾತಪ್ಪ. ಕೀಬೋರ್ಡಿಗೆ ಮಠದ ಭಜನೆಯಲ್ಲಿ ಪೇಟಿ ಬಾರಿಸುವ ರಾಯಪ್ಪ. ಗೋವಾದಿಂದ ಬಂದ ಕ್ಯಾಸೆಟ್ ಕೇಳಿ ಮೂವರಿಗೂ ಹುಚ್ಚು ಹಿಡಿದಿದೆ. ನ್ಯೂ ವೇವ್ ಅಂತೆ. ವೇವ್ ಎಂದರೆ ತೆರೆ ಅಂತ ತಿಳಿಸಿ ಹೇಳಿದ. ಬೆಳಗಾವಿಯಲ್ಲಿ ಎಲ್ಲಿಯ ತೆರೆ ಮಾರಾಯ? ಇರುವುದೊಂದು ಕಿಲ್ಲಾ ಕೆರೆ.

ಅದಕ್ಕೆ ಸ್ಯಾಕ್ಸ್ ಬೇಕೇ ಬೇಕಂತೆ. ವಯಸ್ಸು ನಲವತ್ತೇಳು ಅಂದೆ. ನಕ್ಕ. ಬೈದು ಕಳಿಸಿದೆ.

೧೪ ಜೂನ್

ಹೋದೆ. ಮದುವೆ ಸುಗ್ಗಿ ಮುಗಿದಿತ್ತು, ಬೇರೆ ಕೆಲಸ ಇರಲಿಲ್ಲ. ಅಷ್ಟೇ ಕಾರಣ.

ಫೌಂಡ್ರಿ ಹಿಂದಿನ ಶೆಡ್ಡು. ಮೈಕಿನ ಮುಂದೆ ನಿಲ್ಲಿಸಿದರು. ಬೆರಳೇ ಓಡಲಿಲ್ಲ! ತಾಳ ತಪ್ಪಿತು, ಉಸಿರು ಎಲ್ಲೋ ಸಿಕ್ಕಿಬಿತ್ತು. ಮೈಕ್ ಸರಿಯಿಲ್ಲ ಅಂತ ರೇಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು. ಖರೇ ಸಂಗತಿ ಎಂದರೆ, ಜನ್ಮದಲ್ಲಿ ನಿಂತು ಊದಿದವನಲ್ಲ ನಾನು. ಎಡಗಾಲು ಬಿದ್ದರೆ ತಾಳ, ಬಲಗಾಲು ಬಿದ್ದರೆ ಉಸಿರು. ನಾಚಿಕೆಯಾಯಿತು. ಪೆಟ್ಟಿಗೆ ಮುಚ್ಚಿ ಹೊರಟೆ.

ಸಾತಪ್ಪ ಅಡ್ಡ ಬಂದ. ನಿಲ್ಲು ಅಂತ ಯಾರು ಅಂದರು, ಅಡ್ಡಾಡುತ್ತಲೇ ಊದಿ ಅಂದ. ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದೆ. ಬಂತು. ಎಲ್ಲಾ ಬಂತು. ಮೂವರೂ ಬಾರಿಸುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

೫ ಸೆಪ್ಟೆಂಬರ್

ಗಣಪತಿ ಮಂಡಳದ ಸ್ಟೇಜು, ಖಾಸಬಾಗ. ನಮ್ಮ ಮೊದಲ ಪ್ರೋಗ್ರಾಮ್. ನಾನು ಸ್ಟೇಜಿನ ತುಂಬ ಅಡ್ಡಾಡಿದೆ. ಮೈಕಿನ ಹತ್ತಿರ ಬಂದರೆ ಜೋರು, ದೂರ ಹೋದರೆ ಸಣ್ಣ. ಮೊದಲು ಸಿಳ್ಳೆ, ನಗು. ಮುದುಕನ ಹೊಟ್ಟೆ ಕೆಟ್ಟಿದೆ ಅಂತ ಯಾವನೋ ಕೂಗಿದ. ಮೂರನೇ ಹಾಡಿಗೆ ಎಲ್ಲರೂ ಗಪ್‌ಚಿಪ್. ಕೊನೆಗೆ ಚಪ್ಪಾಳೆ... ಮದುವೆಯಲ್ಲಿ ನಮಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

ಬೀಬಿಜಾನ ಇರಲಿಲ್ಲ. ಅಕ್ಕನ ಮಗಳ ಬಾಣಂತನಕ್ಕೆ ಪೀರನವಾಡಿಗೆ ಹೋಗಿದ್ದಾಳೆ.

೨೭ ಫೆಬ್ರುವರಿ ೧೯೮೩, ಪುಣೆ

ಒಂದೂವರೆ ವರ್ಷ ಇದರಲ್ಲಿ ಏನೂ ಬರೆದಿಲ್ಲ. ಧಾರವಾಡ, ಹುಬ್ಬಳ್ಳಿ, ಕೊಲ್ಹಾಪುರ, ವಾಸ್ಕೋ... ಬರೆಯಲು ಪುರಸತ್ತೇ ಸಿಗಲಿಲ್ಲ.

ಇವತ್ತು ಕ್ಯಾಸೆಟ್ಟಿಗೆ ರೆಕಾರ್ಡಿಂಗ್. ರೆಕಾರ್ಡಿಂಗ್ ಮಾಡುವವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಇದರಾಚೆ ಕಾಲಿಡಬೇಡಿ ಅಂದ. ‘ಮೂರನೇ ಪಾಳಿ’ ಹಾಡು. ಮೂರು ಸಲ ಊದಿದೆ, ಮೂರೂ ಸಲ ಕೆಟ್ಟಿತು. ಬೇರೆ ಸ್ಯಾಕ್ಸಿನವನಿಗೆ ಫೋನ್ ಮಾಡಲೇ ಅಂತ ಈರಣ್ಣನನ್ನು ಮರಾಠಿಯಲ್ಲಿ ಕೇಳಿದ. ನನಗೆ ತಿಳಿಯುವುದಿಲ್ಲ ಅಂದುಕೊಂಡಿರಬೇಕು. ಬೆಳಗಾವಿಯವನಿಗೆ ಮರಾಠಿ ತಿಳಿಯುವುದಿಲ್ಲವೇ?

ನಾನೇ ಹೇಳಿದೆ, ಮಾಡಪ್ಪಾ ಫೋನ್ ಅಂತ. ಹುಡುಗರ ಕ್ಯಾಸೆಟ್ ನನ್ನಿಂದ ಕೆಡುವುದು ಬೇಡ. ಒಂದೇ ಒಂದು ಹಾಡು ಪೂರ್ತಿ ಉಳಿಯುತ್ತದೆ ಅಂತ ಆಸೆ ಇಟ್ಟುಕೊಂಡಿದ್ದೆ.

ಈರಣ್ಣ ಗಿಟಾರ್ ಪೆಟ್ಟಿಗೆಯಲ್ಲಿ ಇಟ್ಟ. “ಚಾಚಾ ಇಲ್ಲದ ಕ್ಯಾಸೆಟ್ ನಮಗ ಬ್ಯಾಡ. ನಡೀರಿ, ಊರಿಗೆ ಹೋಗೂಣು” ಅಂದ. ಉಳಿದಿಬ್ಬರೂ ಎದ್ದರು.

ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಾತಪ್ಪ ಬಾಳೆಹಣ್ಣು ತಂದುಕೊಟ್ಟ. ಅಲ್ಲಾ ಈ ಮೂವರನ್ನು ತಣ್ಣಗಿಟ್ಟಿರಲಿ.

೨೦ ಮಾರ್ಚ್, ಖಾನಾಪುರ

ಸಾತಪ್ಪನ ಸೋದರಮಾವ ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಮುಕಾದಮ, ಆಳುಗಳ ಮೇಸ್ತ್ರಿ. ರವಿವಾರ, ಕೆಲಸ ಬಂದ್. ಹಸಿ ಹಂಚು ಒಣಗಿಸುವ ಉದ್ದನೆಯ ಶೆಡ್ಡು ಬಿಟ್ಟುಕೊಟ್ಟ. ಹುಡುಗರು ಒಂದು ತುದಿಯಲ್ಲಿ, ಅವರ ಮುಂದೆ ಎರವಲು ತಂದ ಟೇಪು. ನನಗೆ ಅರವತ್ತು ಹೆಜ್ಜೆ ಜಾಗ, ಎರಡೂ ಬದಿ ಹಂಚು, ನಡುವೆ ಮಣ್ಣಿನ ವಾಸನೆ.

ಅರವತ್ತು ಹೋದೆ, ಅರವತ್ತು ಬಂದೆ. ಒಂದೇ ಏಟಿಗೆ ಹಾಡು ಮುಗಿಯಿತು. ರಾಯಪ್ಪ ಕಣ್ಣು ಒರೆಸಿಕೊಂಡು, ಧೂಳು ಅಂದ. ಇರಬಹುದು, ಧೂಳೂ ಇತ್ತು.

೧೧ ಆಗಸ್ಟ್

ಕ್ಯಾಸೆಟ್ ಬಂತು. ಈರಣ್ಣನ ಮನೆಯಲ್ಲಿ ಹಚ್ಚಿದರು. ನನ್ನ ಸ್ಯಾಕ್ಸ್ ಶುರುವಾದ ತಕ್ಷಣ ಬೀಡಿ ನೆಪ ಹೇಳಿ ಹೊರಗೆ ಬಂದುಬಿಟ್ಟೆ. ಕೇಳಲು ಧೈರ್ಯವಾಗಲಿಲ್ಲ.

ನನ್ನ ಪಾಲಿನ ಕ್ಯಾಸೆಟ್ ಟ್ರಂಕಿನ ತಳದಲ್ಲಿ ಇಟ್ಟೆ. ಮನೆಯಲ್ಲಿ ಟೇಪ್ ಇಲ್ಲ. ನಬೀಸಾಬನ ಹತ್ತಿರ ಇದೆ, ಕೇಳಿದರೆ ಕೊಟ್ಟಾನು. ಆದರೆ ಇಷ್ಟು ವರ್ಷದ ಮೇಲೆ ಬೀಬಿಜಾನ ಕೇಳಿ, ‘ಇಷ್ಟೇನಾ?’ ಅಂದುಬಿಟ್ಟರೆ?

೩ ಜನವರಿ ೧೯೮೬

ಎರಕ ಮುಗಿಯಿತು. ಜಗಳವಿಲ್ಲ, ಮುನಿಸಿಲ್ಲ. ಈರಣ್ಣನಿಗೆ ಕೊಲ್ಹಾಪುರದಲ್ಲಿ ಕೆಲಸ. ರಾಯಪ್ಪನಿಗೆ ಲಗ್ನ. ನನ್ನ ಮೊಣಕಾಲು ಮೆರವಣಿಗೆಗೂ ಆಗುತ್ತಿಲ್ಲ. ಐದು ವರ್ಷ ಸಿಕ್ಕಿತಲ್ಲ, ಯಾವ ಬ್ಯಾಂಡಿನ ಮುದುಕನಿಗೆ ಸಿಗುತ್ತದೆ? ಹೊರಡುವಾಗ ಈರಣ್ಣ ಕಾಲು ಮುಟ್ಟಿದ. ತೆಗೆಯೋ ಕೈ ಅಂತ ಗದರಿಸಿದೆ. ಹೆಚ್ಚು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ.

೮ ನವೆಂಬರ್ ೧೯೮೭, ಮಧ್ಯಾಹ್ನ

ಹುಬ್ಬಳ್ಳಿಯಿಂದ ಒಬ್ಬಳು ಬಂದಿದ್ದಾಳೆ. ಗಂಗಾದೇವಿ ಅಂತ, ಕಾಲೇಜು ಹುಡುಗಿ. ಇವಳದೂ ಬ್ಯಾಂಡ್, ಗಿಟಾರ್ ಬಾರಿಸುತ್ತಾಳಂತೆ! ವಿಳಾಸ ಹಿಡಿದು ನಾಲ್ಕು ಓಣಿ ಸುತ್ತಿದ್ದಾಳೆ, ಪಾಪ. ಬಗಲಲ್ಲಿ ಟೇಪು, ಅದರೊಳಗೆ ನಮ್ಮ ಕ್ಯಾಸೆಟ್ಟಿನ ಕಾಪಿ, ಆ ಕಾಪಿಯೂ ಇನ್ನೊಂದರ ಕಾಪಿ. ಧಾರವಾಡ, ಪುಣೆ ಕಡೆ ಹೊಸ ಬ್ಯಾಂಡಿನವರೆಲ್ಲ ಇದನ್ನೇ ಕೇಳಿ ಕಲಿಯುತ್ತಿದ್ದಾರಂತೆ. ಸ್ಯಾಕ್ಸ್ ದೂರ ಹೋಗಿ ಹತ್ತಿರ ಬರುತ್ತದಲ್ಲ, ಅದು ಮಾತ್ರ ಯಾರಿಗೂ ಬರುತ್ತಿಲ್ಲ. ಮುಂಬಯಿಯಿಂದ ಎಕೋ ಮಶೀನ್ ತರಿಸಿದರಂತೆ, ಆಗಲಿಲ್ಲ. ಯಾವ ಮಶೀನ್ ಬಳಸಿದಿರಿ ಅಂತ ಕೇಳಲು ಬಂದಿದ್ದಾಳೆ.

ನಾನು ಬಾಯಿ ತೆರೆಯುವ ಮೊದಲೇ ಟೇಪ್ ಹಚ್ಚಿಬಿಟ್ಟಳು. ಮೂರನೇ ಪಾಳಿ. ಬೀಬಿಜಾನ ಚಹಾ ತಂದವಳು ಬಟ್ಟಲು ಹಿಡಿದುಕೊಂಡೇ ನಿಂತಳು. ಬಂದ್ ಮಾಡೋಣ ಅಂತ ಕೈ ಚಾಚಿದೆ.

“ತಡೀರಿ. ಪೂರಾ ಕೇಳ್ತೀನಿ” ಅಂದಳು ಬೀಬಿಜಾನ.

ಕೇಳಿದಳು. ಕೊನೆಯವರೆಗೆ. ಆಮೇಲೆ ಗಂಗಾದೇವಿಯ ಕಡೆ ತಿರುಗಿದಳು. “ಮಶೀನ ಅಲ್ಲವ್ವಾ. ಇವ್ರು ಅಡ್ಡಾಡಾಕತ್ತಾರ. ಮೂವತ್ತು ವರ್ಷ ಇವರ ಬಾಜಾ ಓಣಿ ತುದಿಗೆ ಹೋಗೂದು, ತಿರುಗಿ ಬರೂದು ಕೇಳೇನಿ. ನನಗ ತಿಳೀದೇನು?”

ಅಂದರೆ ಕೇಳುತ್ತಿದ್ದಳು. ಇಷ್ಟು ವರ್ಷ, ಓಣಿ ತುದಿಯವರೆಗೂ. ನಾನು ಒಂದು ಸಾಲಂತ ತಿಳಿದಿದ್ದೆ. ಎಂಥ ದಡ್ಡ ನಾನು.

ಅದೇ ದಿನ, ಸಂಜೆ

ಗಂಗಾದೇವಿ ಟೇಪ್ ಇಲ್ಲೇ ಬಿಟ್ಟು ಗೆಳತಿಯ ಮನೆಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ. ಮಶೀನ್ ಇಲ್ಲ ಅಂತ ತಿಳಿದ ಮೇಲೆ ಅವಳ ಮುಖ ನೋಡಬೇಕಿತ್ತು. ಕುಣಿದಾಡಿಬಿಟ್ಟಳು. ಹುಬ್ಬಳ್ಳಿಗೆ ಹೋಗಿ ಎಲ್ಲರನ್ನೂ ಅಡ್ಡಾಡಿಸುತ್ತಾಳಂತೆ.

ಬೀಬಿಜಾನ ಒಳಗೆ ಮೂರು ಸಲ ಕೇಳಿದಳು. ಹಿಂದಕ್ಕೆ ತಿರುಗಿಸುವ ಗುಂಡಿ ಯಾವುದು ಅಂತ ತಾನೇ ಕಂಡುಕೊಂಡಿದ್ದಾಳೆ. ಈಗ ನನ್ನನ್ನು ಕರೆಯುತ್ತಿದ್ದಾಳೆ, ಬಾಜೂಕ ಕುಂದರ್ರಿ, ಇಬ್ಬರೂ ಕೇಳೋಣ ಅಂತ. ನಾನೂ ಇದನ್ನು ಪೂರ್ತಿ ಕೇಳಿದವನಲ್ಲ, ಮಧ್ಯಾಹ್ನವೂ ಅವಳ ಮುಖ ನೋಡುತ್ತಿದ್ದೆನೇ ಹೊರತು ಹಾಡು ಕಿವಿಗೆ ಬೀಳಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತೋ. ಹಾಡು ಶುರುವಾಯಿತು, ನಾನು ಇನ್ನೂ ಇಲ್ಲೇ ಬರೆಯುತ್ತ